ತಾರೆಗಳ ಕೊನೆಗಾಲ

ಮಳವಳ್ಳಿಯ ಕಡೆಯ ಹಳ್ಳಿಯೊಂದರಿಂದ ಗೃಹಿಣಿಯೊಬ್ಬರು ಬರೆದ ಕಾಗದವು ಹೋದ ತಿಂಗಳು ನಮ್ಮ ಕೈಸೇರಿತು. ಅವರ ಹಿರಿಯ ಮಗಳದು ಆರ್ದ್ರಾ ನಕ್ಷತ್ರ. ಮದ್ದೂರಿನ ಕಡೆಯಿಂದ ಒಳ್ಳೆಯ ಸಂಬಂಧವೊಂದು ಕೂಡಿಬಂದು, ಮಾತುಕತೆಯೆಲ್ಲ ಮುಗಿದು, ಲಗ್ನಪತ್ರಿಕೆಗೆ ದಿನವನ್ನು ಗೊತ್ತುಮಾಡುವ ಹೊತ್ತಿಗೆ ವರನ ಅಜ್ಜನವರು ಹಳೆಯ ವೃತ್ತಪತ್ರಿಕೆಯ ತುಣುಕೊಂದನ್ನು ಮುಂದಿಟ್ಟರಂತೆ. ಆರ್ದ್ರಾ ನಕ್ಷತ್ರವು ಮಂಕಾಗುತ್ತಿದೆಯೆಂದೂ ಅದು ಸಿಡಿದುಹೋಗುವ ಕಾಲವು ಸಮೀಪಿಸಿದೆಯೆಂದೂ ಅದರಲ್ಲಿ ಅಚ್ಚಾಗಿದ್ದಿತು. ಸಾಯುವ ನಕ್ಷತ್ರದಲ್ಲಿ ಹುಟ್ಟಿದ ಹುಡುಗಿಯನ್ನು ಮನೆತುಂಬಿಸಿಕೊಳ್ಳುವುದು ಹೇಗೆಂದು ಆ ಹಿರಿಯರಿಗೆ ಸಂದೇಹ. ಮಾತು ಅಲ್ಲಿಗೇ ನಿಂತಿದೆ. "ನಕ್ಷತ್ರವು ಸಾಯುವುದೆಂದರೇನು? ಅದರಿಂದ ಮನುಷ್ಯರಿಗೆ ಕೇಡು ಉಂಟೇ? ನಮ್ಮಂಥವರಿಗೆ ತಿಳಿಯುವ ಹಾಗೆ ಬರೆಯಿರಿ, ನನ್ನ ಮಗಳು ಈಗ ರಾತ್ರಿಯ ಹೊತ್ತು ಅಂಗಳಕ್ಕೆ ಬರುವುದನ್ನೇ ಬಿಟ್ಟಿದ್ದಾಳೆ" ಎಂದು ಆ ತಾಯಿಯವರು ಕೇಳಿದ್ದಾರೆ.

ಈ ಕೊನೆಯ ಮಾತು ನಮ್ಮ ಮನಸ್ಸಿಗೆ ನಾಟಿತು. ಆಕಾಶವು ಯಾರನ್ನೂ ಹೆದರಿಸುವುದಕ್ಕಾಗಿ ಇಲ್ಲ. ಆದುದರಿಂದ ಈ ತಿಂಗಳ ಅಂಕಣವನ್ನು ಆ ಕಾಗದದ ಉತ್ತರಕ್ಕೇ ಮೀಸಲಿಟ್ಟಿದ್ದೇವೆ.

ಉತ್ತರವನ್ನು ಬರೆಯುವುದಕ್ಕೆ ಮುಂಚೆ ನಕ್ಷತ್ರವನ್ನು ಒಮ್ಮೆ ಕಣ್ಣಾರೆ ಕಂಡುಬರುವುದು ಒಳ್ಳೆಯದೆಂದು ತೋರಿತು. ಪುಷ್ಯಮಾಸದ ಅಮಾವಾಸ್ಯೆಯ ಸುಮಾರಿನಲ್ಲಿ ಮದ್ದೂರಿನ ಹತ್ತಿರದ ನೆಂಟರ ಊರಿಗೆ ಹೋಗುವ ಸಂದರ್ಭವೂ ಒದಗಿತು. ಅವರ ಆಲೆಮನೆಯಲ್ಲಿ ಆ ರಾತ್ರಿ ಬೆಲ್ಲದ ಪಾಕ ನಡೆಯುತ್ತಿದ್ದಿತು. ಊಟವಾದ ಮೇಲೆ ಮನೆಯವರೆಲ್ಲರೂ, ಮಕ್ಕಳೊಡನೆ, ಆಲೆಮನೆಯ ಮುಂದಣ ಬಯಲಿನಲ್ಲಿ ನಿಂತೆವು. ಪೂರ್ವದ ಕಡೆ ಎತ್ತರದಲ್ಲಿ ಮೂರು ಚಿಕ್ಕೆಗಳು ಒಂದೇ ಸಾಲಾಗಿ ಇದ್ದುವು. ಅವು ಮಹಾವ್ಯಾಧನ ನಡುಕಟ್ಟು. ಆ ಸಾಲಿಗೆ ಉತ್ತರದಲ್ಲಿ, ಕೆಂಡದ ಬಣ್ಣದಿಂದ ಹೊಳೆಯುವುದೇ ಆರ್ದ್ರೆ. ಇನ್ನೂ ಮೇಲೆ, ನೆತ್ತಿಯ ಸಮೀಪದಲ್ಲಿ, ಕಿತ್ತಳೆಯ ಬಣ್ಣದ ರೋಹಿಣಿ. ಇವೆರಡರ ನಡುವೆ, ತುಸು ಉತ್ತರಕ್ಕೆ ಸರಿದು, ವೃಷಭದ ಕೊಂಬಿನ ತುದಿಯಲ್ಲೊಂದು ಮಂಕಾದ ಚಿಕ್ಕೆಯುಂಟು. ಅದರ ಪಕ್ಕದಲ್ಲಿ ಬರಿಗಣ್ಣಿಗೆ ಏನೂ ಕಾಣಿಸುವುದಿಲ್ಲ. ಆದರೆ ದೂರದರ್ಶಕವನ್ನು ಅತ್ತ ತಿರುಗಿಸಿದರೆ ಹೊಗೆಯ ಮುದ್ದೆಯಂಥದೊಂದು ತೋರುವುದು. ಅದನ್ನು ಏಡಿ ನೀಹಾರಿಕೆಯೆಂದು ಕರೆಯುವರು. ನಕ್ಷತ್ರಗಳ ಕೊನೆಗಾಲವನ್ನು ತಿಳಿಯಬೇಕೆನ್ನುವವರಿಗೆ ಆಕಾಶದಲ್ಲಿ ಇದಕ್ಕಿಂತ ಒಳ್ಳೆಯ ಪಾಠಶಾಲೆಯಿಲ್ಲ. ರೋಹಿಣಿಯು ಸದ್ದಿಲ್ಲದೆ ಆರತಕ್ಕದ್ದು, ಆರ್ದ್ರೆಯು ಸಿಡಿಯತಕ್ಕದ್ದು, ಈ ಎರಡು ಬಗೆಗಳ ಎಲ್ಲೆಯ ಮೇಲೆ ನಿಂತಿದ್ದಿತೆಂದು ಅನೇಕರು ಎಣಿಸುವ ಮೂರನೆಯದೊಂದು ತಾರೆಯು ಆಗಲೇ ಮುಗಿದು, ಏಡಿ ನೀಹಾರಿಕೆಯಾಗಿ ಹರಡಿದೆ.

ಈ ಭೇದವೆಲ್ಲ ಏತರಿಂದ? ಮುಖ್ಯವಾಗಿ ತೂಕದಿಂದ. ಅದನ್ನು ಆಲೆಮನೆಯ ಒಲೆಯ ಮುಂದೆಯೇ ಮಕ್ಕಳಿಗೆ ಹೇಳಿದೆವು. ಇಲ್ಲಿಯೂ ಹಾಗೆಯೇ ಹೇಳುವೆವು.

ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವುದನ್ನು ನೋಡಿರಿ. ಉರಿ ಹೆಚ್ಚಿದರೆ ಹಾಲು ಉಕ್ಕಿ ಮೇಲೇರುವುದು. ಉರಿಯನ್ನು ಹಿಂದಕ್ಕೆಳೆದರೆ ತಗ್ಗುವುದು. ನಕ್ಷತ್ರವೂ ಹೀಗೆಯೇ ಎರಡು ಬಲಗಳ ನಡುವೆ ನಿಂತಿರುವ ಅನಿಲದ ಗೋಲ. ತನ್ನ ತೂಕವೇ ಅದನ್ನು ಒಳಕ್ಕೆ ಎಳೆಯುತ್ತಿರುವುದು. ನಡುಗರ್ಭದ ಶಾಖವು ಹೊರಕ್ಕೆ ನೂಕುತ್ತಿರುವುದು. ಎರಡೂ ಸಮವಾಗಿರುವಷ್ಟು ಕಾಲ ನಕ್ಷತ್ರಕ್ಕೆ ಆಯುಸ್ಸು. ಆ ಶಾಖವು ಬರುವುದು ಜಲಜನಕದಿಂದ. ನಮ್ಮ ಸೂರ್ಯನ ಗರ್ಭದಲ್ಲಿ ಒಂದೂವರೆ ಕೋಟಿ ಡಿಗ್ರಿಯ ಉಷ್ಣತೆಯಲ್ಲಿ, ಒಂದೊಂದು ಸೆಕೆಂಡಿಗೂ ಸುಮಾರು 60 ಕೋಟಿ ಟನ್ನು ಜಲಜನಕವು ಕೂಡಿಕೊಂಡು ಹೀಲಿಯಂ ಆಗುತ್ತಿದೆ. ಉರಿಯೆಂದು ನಾವು ಕರೆದರೂ ಇದು ಸೌದೆಯ ಉರಿಯಲ್ಲ. ಪರಮಾಣುಗಳ ಬೀಜಗಳೇ ಒಂದರೊಳಗೊಂದು ಬೆಸೆಯುವ ಕಾರ್ಯ.

ಸೂರ್ಯನ ಈ ಸಂಗ್ರಹವು ಒಟ್ಟಿಗೆ ಸುಮಾರು 1,000 ಕೋಟಿ ವರ್ಷಗಳಿಗೆ ಸಾಲುವಂಥದು. ಅರ್ಧದಷ್ಟು ಈಗಾಗಲೇ ಕಳೆದಿದೆ. ಒಂಬತ್ತು ಸೂರ್ಯರ ತೂಕವುಳ್ಳ ನಕ್ಷತ್ರಕ್ಕೆ ಒಂಬತ್ತರಷ್ಟು ದ್ರವ್ಯವಿದ್ದರೂ ಅದರ ಆಯುಸ್ಸು ಸುಮಾರು ಮೂರು ಕೋಟಿ ವರ್ಷ ಮಾತ್ರ. ಏಕೆಂದರೆ ಅಷ್ಟು ತೂಕವನ್ನು ತಡೆದುಕೊಳ್ಳಬೇಕಾದರೆ ಗರ್ಭವು ಬಹಳ ಬಿಸಿಯಾಗಿರಬೇಕು, ಆ ಬಿಸಿಯಲ್ಲಿ ಅದು ಸೂರ್ಯನಿಗಿಂತ ಸಾವಿರಾರು ಪಟ್ಟು ಹೆಚ್ಚಾಗಿ ಬೆಳಗಿ ಸಂಗ್ರಹವನ್ನು ಸೂರೆಮಾಡುವುದು. ದೊಡ್ಡ ಗಳಿಕೆಯಿದ್ದರೂ ಅದಕ್ಕಿಂತ ದೊಡ್ಡ ಖರ್ಚುಳ್ಳ ಸಂಸಾರದಂತೆ.

ಜಲಜನಕವು ಗರ್ಭದಲ್ಲಿ ಮುಗಿದ ಮೇಲೆ ಏನಾಗುವುದು? ಆಲೆಮನೆಯಲ್ಲಿ ಗಾಣಕ್ಕೆ ಕೊಟ್ಟ ಕಬ್ಬಿನ ಸಿಪ್ಪೆಯನ್ನು ಯಾರೂ ಬಿಸಾಡುವುದಿಲ್ಲ. ಅದನ್ನೇ ಬಿಸಿಲಿಗೆ ಹರಡಿ ಒಣಗಿಸಿ ಒಲೆಗೆ ತುಂಬುವರು. ಒಂದು ಕೆಲಸದ ಕಸವೇ ಇನ್ನೊಂದು ಕೆಲಸಕ್ಕೆ ಸೌದೆ. ನಕ್ಷತ್ರದ ಮನೆಯಲ್ಲಿಯೂ ಇದೇ ಮಿತವ್ಯಯ. ಮೊದಲ ಉರಿಯ ಬೂದಿಯಾದ ಹೀಲಿಯಂ ಎರಡನೆಯ ಉರಿಗೆ ಸೌದೆಯಾಗುವುದು. ಆದರೆ ಅದು ಸುಲಭವಾಗಿ ಹತ್ತುವುದಿಲ್ಲ. ಗರ್ಭವು ಕುಗ್ಗಿ, ಬಿಗಿದು, ಉಷ್ಣತೆಯು ಹತ್ತು ಕೋಟಿ ಡಿಗ್ರಿಯನ್ನು ಮುಟ್ಟಿದರೆ ಮಾತ್ರ ಹತ್ತೀತು. ಒಳಗು ಹೀಗೆ ಕುಗ್ಗುವಾಗ ಹೊರಮೈ ಉಬ್ಬಿ, ತಣಿದು, ಕೆಂಪಾಗುವುದು. ರೋಹಿಣಿಯೂ ಆರ್ದ್ರೆಯೂ ಕೆಂಪಾಗಿರುವುದಕ್ಕೆ ಇದೇ ಕಾರಣ: ಅವು ವಯಸ್ಸಾದ ತಾರೆಗಳು. ರೋಹಿಣಿಯ ಅಡ್ಡಳತೆಯು ಸೂರ್ಯನದಕ್ಕಿಂತ ನಲವತ್ತು ಪಟ್ಟಿಗೂ ಮಿಗಿಲು. ಆರ್ದ್ರೆಯದು ಏಳುನೂರು ಪಟ್ಟಿನ ಸುಮಾರು.

ಹೀಲಿಯಂ ಉರಿದರೆ ಇಂಗಾಲವೂ ಆಮ್ಲಜನಕವೂ ಉಳಿಯುವುವು. ಇಲ್ಲಿಂದ ಮುಂದಕ್ಕೆ ದಾರಿಗಳು ಬೇರೆಯಾಗುವುವು.

ಸೂರ್ಯನಂಥ ಹಗುರವಾದ ತಾರೆಯು ಇಂಗಾಲವನ್ನು ಹೊತ್ತಿಸುವಷ್ಟು ಬಿಸಿಯನ್ನು ಎಂದಿಗೂ ಪಡೆಯಲಾರದು. ಸೂರ್ಯನಿಗಿಂತ ತುಸುವೇ ಭಾರವಾದ ರೋಹಿಣಿಗೂ ಅದೇ ಗತಿ. ಅಂಥ ತಾರೆಯು ತನ್ನ ಹೊರಮೈಯನ್ನು ನಿಧಾನವಾಗಿ ಆಕಾಶಕ್ಕೆ ಊದಿಬಿಡುವುದು. ಭೂಮಿಯ ಗಾತ್ರದ, ಸೂರ್ಯನ ಅರ್ಧಕ್ಕೂ ಮಿಕ್ಕ ತೂಕದ ಒಂದು ಬಿಳಿಯ ಗಟ್ಟಿ ಮಾತ್ರ ಉಳಿಯುವುದು. ಅದು ಶ್ವೇತಕುಬ್ಜ. ಅದರಲ್ಲಿ ಉರಿಯಿಲ್ಲ, ಆರುವ ಕೆಂಡದಂತೆ ನೂರಾರು ಕೋಟಿ ವರ್ಷ ಮಿನುಗುತ್ತ ತಣ್ಣಗಾಗುವುದು.

ಉರಿಯಿಲ್ಲದ ಮೇಲೆ ಅದರ ತೂಕವನ್ನು ತಡೆಯುವುದು ಯಾವುದೆಂದು ವಾಚಕರು ಕೇಳಬಹುದು. ಅದು ಎಲೆಕ್ಟ್ರಾನುಗಳ ಕೆಲಸ. ಮದುವೆಯ ಪಂಕ್ತಿಯಲ್ಲಿ ಒಂದು ಎಲೆಯ ಮುಂದೆ ಒಬ್ಬರೇ ಕುಳಿತುಕೊಳ್ಳುವುದು ಹೇಗೋ ಹಾಗೆ ಎಲೆಕ್ಟ್ರಾನುಗಳಿಗೂ ಒಂದು ನೇಮವುಂಟು. ಒಂದರ ಸ್ಥಾನದಲ್ಲಿ ಇನ್ನೊಂದು ಕೂರಲಾರದು. ಎಷ್ಟು ಅದುಮಿದರೂ ಅವು ಎಲೆಯನ್ನು ಬಿಟ್ಟುಕೊಡದೆ ಎದುರೊತ್ತುವುವು. ಆದರೆ ಈ ಎದುರೊತ್ತಿಗೂ ಒಂದು ಮೇರೆಯಿದೆಯೆಂದು ತೋರಿಸಿದವರು ಸುಬ್ರಹ್ಮಣ್ಯನ್ ಚಂದ್ರಶೇಖರರು. ಬೆಂಗಳೂರನ್ನು ತಮ್ಮ ಊರಾಗಿ ಮಾಡಿಕೊಂಡಿದ್ದ ಸರ್ ಸಿ. ವಿ. ರಾಮನ್ನರ ಅಣ್ಣನ ಮಗನಾದ ಇವರು 1930ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಓದಿಗಾಗಿ ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ ಕುಳಿತು ಲೆಕ್ಕ ಹಾಕಿದರು. ಶ್ವೇತಕುಬ್ಜದ ತೂಕವು ಸುಮಾರು 1.4 ಸೂರ್ಯರನ್ನು ಮೀರಿದರೆ ಎಲೆಕ್ಟ್ರಾನುಗಳು ಅದನ್ನು ತಡೆಯಲಾರವು ಎಂಬುದೇ ಆ ಲೆಕ್ಕದ ಪರಿಷ್ಕೃತವಾದ ಸಾರ. 1935ರಲ್ಲಿ ಲಂಡನ್ನಿನ ವಿದ್ವತ್ಸಭೆಯಲ್ಲಿ ಎಡಿಂಗ್ಟನ್ನರಂಥ ಹಿರಿಯರು ಇದನ್ನು ಎಲ್ಲರೆದುರಿಗೆ ಅಲ್ಲಗಳೆದರು. ಚಂದ್ರಶೇಖರರು ಜಗಳಕ್ಕೆ ನಿಲ್ಲದೆ ತಮ್ಮ ಕೆಲಸವನ್ನು ಮುಂದುವರಿಸಿದರು. 1983ರಲ್ಲಿ ನೊಬೆಲ್ ಬಹುಮಾನವು ಅವರನ್ನು ಹುಡುಕಿಕೊಂಡು ಬಂದಿತು. ಇಂದು ಆ ಮೇರೆಯನ್ನು ಅವರ ಹೆಸರಿನಿಂದಲೇ ಕರೆಯುವರು.

ಇನ್ನು ಭಾರವಾದ ತಾರೆಗಳ ಮಾತು. ಆರ್ದ್ರೆಯ ತೂಕವು ಹದಿನೈದು ಸೂರ್ಯರ ಆಸುಪಾಸಿನದೆಂದು ಎಣಿಕೆ. ಇಂಥ ತಾರೆಯಲ್ಲಿ ಇಂಗಾಲವೂ ಹೊತ್ತುವುದು, ಅದರ ಬೂದಿಯೂ ಹೊತ್ತುವುದು, ಆ ಬೂದಿಯ ಬೂದಿಯೂ ಹೊತ್ತುವುದು. ಪ್ರತಿಯೊಂದು ಉರಿಯೂ ಹಿಂದಿನದಕ್ಕಿಂತ ತೀವ್ರ, ಹಿಂದಿನದಕ್ಕಿಂತ ಅಲ್ಪಾಯು; ಕೊನೆಯದು ಕೆಲವೇ ದಿನಗಳದು. ಕಟ್ಟಕಡೆಗೆ ಕಬ್ಬಿಣವು ಉಳಿಯುವುದು. ಕಬ್ಬಿಣದಿಂದ ಶಾಖವು ಹೊರಡುವುದಿಲ್ಲ. ಆಗ ಒಲೆ ಆರಿ, ಗರ್ಭವು ಒಂದು ಸೆಕೆಂಡಿಗಿಂತ ಕಡಮೆ ಅವಧಿಯಲ್ಲಿ ಕುಸಿದು, ಅದರ ಹಿನ್ನೊದೆತದಿಂದ ಹೊರಮೈ ಸಿಡಿದುಹೋಗುವುದು. ಇದೇ ಮಹಾಸ್ಫೋಟನ. ಇನ್ನೂ ಭಾರವಾದ ಕೆಲವು ತಾರೆಗಳು ಬೆಳಕೂ ತಪ್ಪಿಸಿಕೊಳ್ಳಲಾರದ ಕಪ್ಪುಕುಳಿಗಳಾಗುವುವು.

ಈ ಎರಡು ಗತಿಗಳ ನಡುವೆ, ಎಂಟರಿಂದ ಹತ್ತು ಸೂರ್ಯರ ತೂಕದ, ಮಧ್ಯಮ ಭಾರದ ತಾರೆಗಳಿವೆ. ಇವುಗಳ ಕಥೆಯೇ ಎಲ್ಲಕ್ಕಿಂತ ಕುತೂಹಲಕರವಾದುದು. ವಿದ್ವಾಂಸರು ಇಂದಿಗೂ ವಾದಿಸುತ್ತಿರುವುದು ಇಲ್ಲಿಯೇ. ಇವು ಅಪರೂಪವೂ ಅಲ್ಲ. ಎಂಟು ಸೂರ್ಯರಿಗಿಂತ ಭಾರವಾಗಿ ಹುಟ್ಟುವ ತಾರೆಗಳಲ್ಲಿ ಸುಮಾರು ಕಾಲು ಭಾಗವು ಈ ಕಿರಿದಾದ ಅಂತರದಲ್ಲಿಯೇ ಬೀಳುವುದು.

ಇಂಥ ತಾರೆಯ ಗರ್ಭವು ಇಂಗಾಲವನ್ನು ಉರಿಸಬಲ್ಲದು. ಅದಕ್ಕೆ ಬೇಕಾದ ಅರವತ್ತು ಕೋಟಿ ಡಿಗ್ರಿಗೂ ಮೇಲಾದ ಬಿಸಿಯನ್ನು ಹೇಗೋ ಮುಟ್ಟುವುದು. ಉಳಿಯುವ ಬೂದಿ ಆಮ್ಲಜನಕ, ನಿಯಾನ್, ತುಸು ಮೆಗ್ನೀಷಿಯಂ. ಆದರೆ ಆ ಬೂದಿಯನ್ನು ಹೊತ್ತಿಸುವ ಶಕ್ತಿಯು ಅದಕ್ಕಿಲ್ಲ. ಗರ್ಭದ ಉರಿ ಅಲ್ಲಿಗೆ ನಿಂತು, ತೂಕವೆಲ್ಲ ಎಲೆಕ್ಟ್ರಾನುಗಳ ಮೇಲೆ ಬೀಳುವುದು. ಗರ್ಭದ ಸುತ್ತಲೂ ತೆಳುವಾದ ಪದರಗಳಲ್ಲಿ ಹೀಲಿಯಂ ಮತ್ತು ಜಲಜನಕಗಳು ಇನ್ನೂ ಉರಿಯುತ್ತ, ತಮ್ಮ ಬೂದಿಯನ್ನು ಒಳಕ್ಕೆ ಉದುರಿಸುತ್ತ, ಗರ್ಭದ ತೂಕವನ್ನು ಮೆಲ್ಲಮೆಲ್ಲನೆ ಹೆಚ್ಚಿಸುತ್ತಿರುವುವು. ಅತ್ತ ಹೊರಮೈ ಮಾತ್ರ ಗಾಳಿಯಾಗಿ ಸೋರಿಹೋಗುತ್ತಿರುವುದು.

ಮದ್ದೂರು ಕೆರೆಯನ್ನು ಬಲ್ಲವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಒಂದು ಕಡೆ ಕಾಲುವೆಯಿಂದ ನೀರು ಬರುತ್ತಿದೆ, ಇನ್ನೊಂದು ಕಡೆ ತೂಬಿನಿಂದ ಹೋಗುತ್ತಿದೆ. ಕೆರೆ ಕೋಡಿಬೀಳುವುದೋ ಇಲ್ಲವೋ ಎಂಬುದು ಈ ಎರಡರ ಓಟದ ಮೇಲಿದೆ. ಹಾಗೆಯೇ ಇಲ್ಲಿಯೂ. ಗರ್ಭವು ಅಪಾಯದ ತೂಕವನ್ನು ಮುಟ್ಟುವುದಕ್ಕೆ ಮುಂಚೆಯೇ ಹೊರಮೈಯೆಲ್ಲ ಸೋರಿಹೋದರೆ ತಾರೆಯು ಬದುಕಿಕೊಳ್ಳುವುದು. ಎಂದರೆ ರೋಹಿಣಿಯ ದಾರಿಯನ್ನೇ ಹಿಡಿದು, ಆಮ್ಲಜನಕ ಮತ್ತು ನಿಯಾನುಗಳ ಭಾರವಾದ ಶ್ವೇತಕುಬ್ಜವಾಗಿ ಶಾಂತವಾಗಿ ಆರುವುದು. ಸೋರಿಕೆಗಿಂತ ಸಂಚಯವು ಮುಂದಾಗಿ, ಗರ್ಭದ ತೂಕವು 1.4 ಸೂರ್ಯರಿಗೆ ತುಸುವೇ ಕಡಮೆಯಿರುವ ಮಟ್ಟಕ್ಕೆ ಬಂದಿತೋ, ಆಗ ವಿಚಿತ್ರವೊಂದು ನಡೆಯುವುದು. ಇದನ್ನು ಜಪಾನಿನ ನೊಮೊಟೊ ಮೊದಲಾದವರು 1980ರ ಸುಮಾರಿನಲ್ಲಿ ಲೆಕ್ಕ ಹಾಕಿ ಹೇಳಿದರು.

ಎಲೆಕ್ಟ್ರಾನುಗಳು ಚಪ್ಪರದ ಕಂಬಗಳಂತೆ ಮೇಲಿನ ಭಾರವನ್ನು ಹೊತ್ತಿವೆಯಷ್ಟೆ. ಅದುಮಿಕೆಯು ಮಿತಿಮೀರಿದಾಗ ಮೆಗ್ನೀಷಿಯಂ ಮತ್ತು ನಿಯಾನುಗಳ ಬೀಜಗಳು ತಮ್ಮ ಬಳಿಯ ಎಲೆಕ್ಟ್ರಾನುಗಳನ್ನು ಒಂದೊಂದಾಗಿ ನುಂಗತೊಡಗುವುವು. ಕಂಬಗಳನ್ನು ಒಂದೊಂದಾಗಿ ಕಿತ್ತರೆ ಚಪ್ಪರವು ನಿಂತೀತೆ? ಗರ್ಭವು ಕುಗ್ಗುವುದು, ಕುಗ್ಗಿದಷ್ಟೂ ಮತ್ತಷ್ಟು ಎಲೆಕ್ಟ್ರಾನುಗಳು ಸೆರೆಯಾಗುವುವು, ಆಮ್ಲಜನಕವು ಹೊತ್ತಿಕೊಂಡರೂ ಕುಸಿತವನ್ನು ತಡೆಯಲಾರದೆಂಬುದು ಈ ಲೆಕ್ಕದ ಮಾತು. ಕಬ್ಬಿಣದವರೆಗೆ ಹೋಗದೆಯೇ ಆ ತಾರೆಯು ಕುಸಿದು ಸಿಡಿಯುವುದು. ಆದರೆ ಆರ್ದ್ರೆಯಂಥ ಭಾರಿಯ ತಾರೆಗಳ ಸಿಡಿತಕ್ಕಿಂತ ಇದು ಬಹಳ ಮೃದುವಾದುದು. ಶಕ್ತಿಯು ಅದರ ಹತ್ತರಲ್ಲೊಂದು ಪಾಲಿನಷ್ಟಿರಬಹುದು.

ಕುಸಿದ ಗರ್ಭವು ನ್ಯೂಟ್ರಾನುಗಳ ಗೋಲವಾಗಿ ಉಳಿಯುವುದು. ಅದರ ಗಾತ್ರವನ್ನು ನಮ್ಮ ಸೀಮೆಯ ಅಳತೆಯಿಂದಲೇ ಹೇಳಬಹುದು. ಮಂಡ್ಯದಿಂದ ಮದ್ದೂರಿಗೆ ಸುಮಾರು 20 ಕಿಲೋಮೀಟರು. ನ್ಯೂಟ್ರಾನು ತಾರೆಯ ಅಡ್ಡಳತೆಯೂ ಹೆಚ್ಚು ಕಡಮೆ ಅಷ್ಟೆ. ಅದರ ತೂಕವಾದರೋ ಸೂರ್ಯನಿಗಿಂತ ಹೆಚ್ಚು. ಅದರಿಂದ ಒಂದು ಸಾಸಿವೆಯ ಕಾಳಿನಷ್ಟನ್ನು ತೆಗೆದು ತೂಗಲು ಸಾಧ್ಯವಿದ್ದರೆ ಹತ್ತು ಲಕ್ಷ ಟನ್ನಿಗೂ ಮೀರುವುದು. ಈ ಮಾತನ್ನು ಕೇಳಿದ ಹುಡುಗನೊಬ್ಬನು, ಬಸ್ಸಿನಲ್ಲಿ ಅರ್ಧ ಗಂಟೆಯೊಳಗೆ ದಾಟಬಹುದಾದಷ್ಟು ಜಾಗದಲ್ಲಿ ಸೂರ್ಯನೇ ಅಡಗಿದನೇ ಎಂದು ಬೆರಗಾದನು. ಬೆರಗಾಗತಕ್ಕ ಸಂಗತಿಯೇ ಸರಿ.

ಇನ್ನು ಏಡಿ ನೀಹಾರಿಕೆಗೆ ಬರೋಣ. 1054ನೆಯ ಇಸವಿಯ ಜುಲೈ 4ರಂದು ಚೀನಾ ದೇಶದ ಜ್ಯೋತಿಷಿಗಳು, ಹಿಂದೆ ಏನೂ ಇಲ್ಲದಿದ್ದ ಎಡೆಯಲ್ಲಿ ಹೊಸದೊಂದು ತಾರೆಯನ್ನು ಕಂಡು ಬರೆದಿಟ್ಟರು. ಅದು 23 ದಿನ ಹಗಲಿನಲ್ಲಿಯೂ ಕಾಣುತ್ತಿದ್ದಿತು. ರಾತ್ರಿಯಲ್ಲಿ ಎರಡು ವರ್ಷಗಳಿಗೆ ತುಸು ಕಡಮೆ ಕಾಲ ಉಳಿದು ಮರೆಯಾಯಿತು. ಆಗ ನಮ್ಮ ಕಾವೇರಿಯ ತೀರದ ತಲಕಾಡು ಚೋಳರ ಕೈಯಲ್ಲಿದ್ದಿತು. ವಿಷ್ಣುವರ್ಧನನು ಅದನ್ನು ಗೆಲ್ಲುವುದಕ್ಕೆ ಇನ್ನೂ ಅರುವತ್ತು ವರ್ಷಗಳಿದ್ದುವು. ಹಂದಿಯೊಡನೆ ಹೋರಾಡಿ ಮಡಿದ ಕಾಳಿಯೆಂಬ ನಾಯಿಯ ನೆನಪಿಗಾಗಿ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ನಿಲ್ಲಿಸಿದ ಪ್ರಸಿದ್ಧವಾದ ಕಲ್ಲು ಆ ಹೊತ್ತಿಗೆ ನೂರು ವರ್ಷ ಹಳೆಯದಾಗಿದ್ದಿತು. ಆ ಜುಲೈ ತಿಂಗಳಲ್ಲಿ ಮುಂಗಾರಿನ ಮೋಡವು ಹರಿದ ಬೆಳಗಿನ ಜಾವ, ನೇಗಿಲು ಹೊತ್ತು ಹೊಲಕ್ಕೆ ಹೊರಟವರಿಗೆ ಪೂರ್ವದಲ್ಲಿ ಬೆಳ್ಳಿಯನ್ನೂ ಮೀರಿದ ಆ ತಾರೆಯು ಕಾಣದಿರಲಾರದು. ಅವರೂ ಹೆದರಿರಬಹುದು. ಆದರೆ ಉತ್ತರು, ಬಿತ್ತಿದರು, ಮಕ್ಕಳ ಮದುವೆಗಳನ್ನು ಮಾಡಿದರು; ಆ ಸಂತತಿಯವರೇ ಇಂದು ನಾವು.

ಆ ಸಿಡಿತದ ಹೊಗೆಯೇ ಏಡಿ ನೀಹಾರಿಕೆ. ಅದು ಸುಮಾರು 6,500 ಜ್ಯೋತಿರ್ವರ್ಷಗಳಾಚೆ ಇದ್ದು, ಸೆಕೆಂಡಿಗೆ 1,500 ಕಿಲೋಮೀಟರಿನಂತೆ ಇಂದಿಗೂ ಹರಡುತ್ತಿದೆ. ಸಿಡಿತವು ಕಣ್ಣಿಗೆ ಅಷ್ಟು ಪ್ರಖರವಾಗಿದ್ದರೂ ಅದರ ಶಕ್ತಿಯ ಲೆಕ್ಕವನ್ನು ತೆಗೆದರೆ ಮಾಮೂಲಿಗಿಂತ ಬಹಳ ಕಡಮೆ. ಚದರಿದ ದ್ರವ್ಯವೂ ಮಿತವಾದುದು. ಆದುದರಿಂದಲೇ ಇದು ಎಂಟರಿಂದ ಹತ್ತು ಸೂರ್ಯರ ತೂಕದ ಮಧ್ಯಮ ತಾರೆಯಾಗಿದ್ದಿತೆಂದೂ ಎಲೆಕ್ಟ್ರಾನುಗಳ ಸೆರೆಯಿಂದಲೇ ಕುಸಿದಿರಬಹುದೆಂದೂ ಅನೇಕರ ಮತ. 2018ರಲ್ಲಿ ಜಪಾನಿನ ಹವ್ಯಾಸಿ ವೀಕ್ಷಕರಾದ ಇಟಗಾಕಿಯವರು ದೂರದ ಬ್ರಹ್ಮಾಂಡವೊಂದರಲ್ಲಿ ಕಂಡುಹಿಡಿದ ಸ್ಫೋಟವು ಇದೇ ಬಗೆಯದೆಂದು 2021ರಲ್ಲಿ ಒಂದು ವಿದ್ವನ್ಮಂಡಲಿಯು ಸಾರಿತು. ಅದರ ದೂರದ ವಿಚಾರದಲ್ಲಿ ಒಮ್ಮತವಿಲ್ಲದ ಕಾರಣ ಚರ್ಚೆಯು ಮುಗಿದಿಲ್ಲ.

ಒಂದೊಂದು ಎಲೆಕ್ಟ್ರಾನು ಸೆರೆಯಾದಾಗಲೂ ನ್ಯೂಟ್ರಿನೋ ಎಂಬ ಅತಿ ಸೂಕ್ಷ್ಮವಾದ ಕಣವೊಂದು ಹೊರಬೀಳುವುದು. ಅದು ಬೆಟ್ಟಗಳನ್ನೂ ಭೂಮಿಯನ್ನೂ ತಡೆಯಿಲ್ಲದೆ ತೂರಿಹೋಗುವುದು. ಕುಸಿದ ಗರ್ಭವು ಬಿಟ್ಟುಕೊಡುವ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಈ ನ್ಯೂಟ್ರಿನೋಗಳದೇ. ನಮ್ಮ ಕಣ್ಣಿಗೆ ಬೀಳುವ ಬೆಳಕು ಉಳಿದುದರಲ್ಲಿನ ಅಲ್ಪಾಂಶ. ಈ ಕಣದ ಕಥೆಯಲ್ಲಿ ನಮ್ಮ ನಾಡಿಗೂ ಒಂದು ಪಾಲುಂಟು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯ ಜಲಪಾತದಿಂದ ಹುಟ್ಟಿದ ವಿದ್ಯುತ್ತು 1902ರಲ್ಲಿ ಮೊಟ್ಟಮೊದಲು ಹರಿದುದು ಕೋಲಾರದ ಚಿನ್ನದ ಗಣಿಗಳಿಗೆ ಎಂಬುದನ್ನು ವಾಚಕರು ಬಲ್ಲರು. ಅದೇ ಗಣಿಗಳಲ್ಲೊಂದರ ತಳದಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಕೆಳಗೆ, ವಿಜ್ಞಾನಿಗಳು ಯಂತ್ರಗಳನ್ನಿಟ್ಟು ಕಾದರು. ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಗುರುತು 1965ರಲ್ಲಿ ಅವರಿಗೆ ಅಲ್ಲಿ ಸಿಕ್ಕಿತು. ಜಗತ್ತಿನಲ್ಲಿ ಇಂಥ ಗುರುತನ್ನು ಮೊದಲು ಕಂಡವರಲ್ಲಿ ಅವರೂ ಸೇರಿದ್ದಾರೆ. ಮುಂದೆ 1987ರ ಫೆಬ್ರವರಿಯಲ್ಲಿ ನೆರೆಯ ಬ್ರಹ್ಮಾಂಡವೊಂದರಲ್ಲಿ ತಾರೆಯೊಂದು ಸಿಡಿದಾಗ, ಅದರ ನ್ಯೂಟ್ರಿನೋಗಳು ಜಪಾನ್, ಅಮೆರಿಕ ಮತ್ತು ರಷ್ಯಗಳ ಯಂತ್ರಗಳಲ್ಲಿ ಸಿಕ್ಕಿಬಿದ್ದುವು. ಗರ್ಭವು ಕುಸಿಯುವುದು ಬರಿಯ ಊಹೆಯಲ್ಲವೆಂದು ಅಂದು ನಿಶ್ಚಯವಾಯಿತು.

ಏಡಿ ನೀಹಾರಿಕೆಯ ನಡುವೆ ಆ ನ್ಯೂಟ್ರಾನು ತಾರೆಯು ಇಂದಿಗೂ ಇದೆ. ಅದು ಸೆಕೆಂಡಿಗೆ 30 ಸುತ್ತು ತಿರುಗುತ್ತಿದೆ. ಪ್ರತಿ ಸುತ್ತಿಗೂ ಅದರ ಕಿರಣವು ದೀಪಸ್ತಂಭದ ಬೆಳಕಿನಂತೆ ನಮ್ಮ ಕಡೆಗೆ ಬೀಸಿಹೋಗುವುದು. ಇದು ಗೊತ್ತಾದುದು 1968ರಲ್ಲಿ. ಇಂಥ ತಾರೆಗಳ ಅಭ್ಯಾಸದಲ್ಲಿ ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯ ಹೆಸರು ದೊಡ್ಡದು. ಕಾಲಕ್ರಮದಲ್ಲಿ ನಿಧಾನವಾದ ನ್ಯೂಟ್ರಾನು ತಾರೆಯು ತನ್ನ ಜೊತೆಯ ತಾರೆಯಿಂದ ದ್ರವ್ಯವನ್ನು ಸೆಳೆದು ಮತ್ತೆ ವೇಗವಾಗಿ ತಿರುಗಬಲ್ಲದೆಂದು ಅಲ್ಲಿನ ವಿ. ರಾಧಾಕೃಷ್ಣನ್ ಮತ್ತು ಜಿ. ಶ್ರೀನಿವಾಸನ್ 1982ರಲ್ಲಿ ಸೂಚಿಸಿದರು. ಅದು ಈಗ ಸರ್ವಸಮ್ಮತವಾದ ಮತ. 2015ರ ಸೆಪ್ಟೆಂಬರಿನಲ್ಲಿ ನಮ್ಮ ದೇಶವು ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹವು ಏಡಿ ನೀಹಾರಿಕೆಯ ಕ್ಷಕಿರಣಗಳನ್ನು ಪರೀಕ್ಷಿಸಿತು. ಅದು ಕಳುಹಿಸಿದ ಸುದ್ದಿ ಬಂದಿಳಿದುದು ಬಿಡದಿಗೆ ದೂರವಲ್ಲದ ಬ್ಯಾಲಾಳು ಗ್ರಾಮದ ದೊಡ್ಡ ಬೋಗುಣಿಗಳಲ್ಲಿ. ಮದ್ದೂರಿನಿಂದ ಬೆಂಗಳೂರಿಗೆ ಹೋಗಿಬರುವವರು ಆ ತಾರೆಯ ಸಮಾಚಾರವು ಬಂದು ಸೇರುವ ಠಾಣ್ಯದ ಬಳಿಯಲ್ಲೇ ಹಾದುಹೋಗುತ್ತಾರೆಂದು ಹೇಳಿದರೆ ತಪ್ಪಾಗಲಾರದು.

ಈಗ ಮಳವಳ್ಳಿಯ ಸೋದರಿಯವರ ಕಾಗದಕ್ಕೆ ಮರಳೋಣ.

ಆರ್ದ್ರೆಯು 2019ರ ಕೊನೆಯಿಂದ 2020ರ ಫೆಬ್ರವರಿಯವರೆಗೆ ಮಂಕಾದುದು ನಿಜ. ಅದರ ಬೆಳಕು ಅರ್ಧಕ್ಕಿಂತಲೂ ಕಡಮೆಯಾಯಿತು. ಆದರೆ ಅದು ಸಾವಿನ ಸೂಚನೆಯಲ್ಲ. ತಾರೆಯು ತನ್ನ ಮೈಯಿಂದ ಉಗುಳಿದ ಅನಿಲವು ತಣಿದು ದೂಳಾಗಿ, ಅದರ ಮುಖಕ್ಕೆ ತೆರೆ ಹಿಡಿದಂತಾಯಿತೆಂದು ಅನಂತರದ ಪರೀಕ್ಷೆಗಳಿಂದ ತಿಳಿದುಬಂದಿತು. ಕೆಲವೇ ತಿಂಗಳುಗಳಲ್ಲಿ ತೆರೆ ಸರಿದು ಆರ್ದ್ರೆಯು ಹಿಂದಿನಂತೆಯೇ ಬೆಳಗಿತು. ಅಜ್ಜನವರ ಬಳಿಯಿರುವ ಪತ್ರಿಕೆಯ ತುಣುಕಿನಲ್ಲಿ ಈ ಉತ್ತರಾರ್ಧವು ಸೇರಿಲ್ಲವೆಂದು ತೋರುತ್ತದೆ. ಆರ್ದ್ರೆಯು ಎಂದಾದರೂ ಸಿಡಿಯುವುದು ಖಂಡಿತ. ಆದರೆ ಬಹುಮಟ್ಟಿನ ವಿದ್ವಾಂಸರ ಎಣಿಕೆಯಲ್ಲಿ ಅದು ನಾಳೆ ನಾಡಿದ್ದಿನ ಮಾತಲ್ಲ, ಇನ್ನೊಂದು ಲಕ್ಷ ವರ್ಷಗಳೊಳಗಿನ ಮಾತು. ಅದು ಇರುವುದು ಸುಮಾರು ಆರುನೂರು ಜ್ಯೋತಿರ್ವರ್ಷಗಳ ದೂರದಲ್ಲಿ. ಸ್ಫೋಟದಿಂದ ಭೂಮಿಗೆ ಹಾನಿಯಾಗಬೇಕಾದರೆ ಅದು ಐವತ್ತು ಜ್ಯೋತಿರ್ವರ್ಷಗಳಿಗಿಂತ ಹತ್ತಿರವಿರಬೇಕೆಂದು ಲೆಕ್ಕ. ಆರ್ದ್ರೆಯು ಸಿಡಿದ ದಿನ ನಮ್ಮ ಮುಂದಿನವರಿಗೆ ಹಗಲಿನಲ್ಲಿ ಕಾಣುವ ತಾರೆಯೊಂದು ದೊರೆತೀತೇ ಹೊರತು ಕೇಡೇನೂ ತಟ್ಟದು.

ಇನ್ನು ಜಾತಕದ ಮಾತು. ಪಂಚಾಂಗವನ್ನು ಬಲ್ಲ ಹಿರಿಯರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಚಂದ್ರನು ನಡೆಯುವ ದಾರಿಯನ್ನು ಇಪ್ಪತ್ತೇಳು ಸಮಭಾಗ ಮಾಡಿ ಒಂದೊಂದಕ್ಕೂ ಒಂದೊಂದು ಹೆಸರಿಟ್ಟಿದ್ದಾರೆ. ಹುಡುಗಿಯು ಹುಟ್ಟಿದಾಗ ಚಂದ್ರನು ಆ ಹೆಸರಿನ ಭಾಗದಲ್ಲಿದ್ದನೆಂಬುದಷ್ಟೇ ಜನ್ಮನಕ್ಷತ್ರದ ಅರ್ಥ. ಆರ್ದ್ರೆಯೆಂಬ ತಾರೆಯು ಆ ಭಾಗಕ್ಕೆ ಗುರುತಿನ ಕಲ್ಲು ಮಾತ್ರ. ಅದು ಚಂದ್ರನ ದಾರಿಯ ಮೇಲೆಯೂ ಇಲ್ಲ. ದಾರಿಯಿಂದ ಬಹಳ ತೆಂಕಣಕ್ಕಿರುವುದರಿಂದ ಚಂದ್ರನು ಎಂದಿಗೂ ಅದನ್ನು ಮುಟ್ಟಲಾರನು. ಮಂಡ್ಯ ಮದ್ದೂರುಗಳ ನಡುವಿನ ಮೈಲಿಗಲ್ಲೊಂದು ಬಿದ್ದುಹೋದರೆ ದಾರಿಯೇ ಇಲ್ಲವಾಗುವುದೆ? ಆರ್ದ್ರೆಯ ಮಳೆಯು ಅದರ ಹೆಸರಿನಲ್ಲಿ ಬಂದೇ ಬರುವುದು, ರಾಗಿಯೂ ಬೆಳೆಯುವುದು. ಆ ನಕ್ಷತ್ರದಲ್ಲಿ ಹುಟ್ಟಿದವರಾದರೂ ಒಬ್ಬಳು ಹುಡುಗಿಯಲ್ಲ. ಲೋಕದಲ್ಲಿ ಸುಮಾರು ಇಪ್ಪತ್ತೇಳು ಮಂದಿಗೆ ಒಬ್ಬರದು ಆರ್ದ್ರೆಯೇ. ಅಜ್ಜನವರ ನೆಂಟರಿಷ್ಟರಲ್ಲಿ ಹುಡುಕಿದರೆ ಸುಖವಾಗಿ ಬಾಳಿದ ಹತ್ತಾರು ಮಂದಿ ಸಿಕ್ಕಿಯಾರು.

ಕೊನೆಯದಾಗಿ ಒಂದು ಮಾತು. ತಾರೆಯ ಸಾವನ್ನು ಅಶುಭವೆಂದು ಭಾವಿಸುವುದಕ್ಕೆ ಮುಂಚೆ ಅದು ಏನನ್ನು ಬಿಟ್ಟುಹೋಗುವುದೆಂಬುದನ್ನು ನೋಡಬೇಕು. ಆದಿಯಲ್ಲಿ ಜಗತ್ತಿನಲ್ಲಿ ಇದ್ದುದು ಜಲಜನಕವೂ ಹೀಲಿಯಮ್ಮೂ ಮಾತ್ರವೆಂದರೆ ಸಲ್ಲುವುದು. ನಮ್ಮ ಉಸಿರಿನ ಆಮ್ಲಜನಕ, ಎಲುಬಿನ ಸುಣ್ಣ, ನೆತ್ತರಿನ ಕಬ್ಬಿಣ, ಗದ್ದೆಯ ಪೈರಿಗೆ ಬೇಕಾದ ಸಾರಜನಕ, ಕಬ್ಬಿನ ಸಿಹಿಯೊಳಗಣ ಇಂಗಾಲ, ಇವೆಲ್ಲವೂ ಹಿಂದಿನ ತಾರೆಗಳ ಒಲೆಯಲ್ಲಿ ಬೆಂದು, ಅವುಗಳ ಕೊನೆಗಾಲದಲ್ಲಿ ಸೋರಿಕೆಯಿಂದಲೋ ಸಿಡಿತದಿಂದಲೋ ಆಕಾಶಕ್ಕೆ ಚದರಿ, ಆ ಮೋಡದಿಂದಲೇ ಸೂರ್ಯನೂ ಭೂಮಿಯೂ ಕೂಡಿಬಂದುವು. ಎರಡು ನ್ಯೂಟ್ರಾನು ತಾರೆಗಳು ಒಂದಕ್ಕೊಂದು ತಾಗಿ ಕೂಡಿಕೊಂಡಾಗ ಚಿನ್ನದಂಥ ಭಾರವಾದ ಧಾತುಗಳು ಹುಟ್ಟುವುವೆಂದು 2017ರ ಆಗಸ್ಟಿನಲ್ಲಿ ಕಂಡುಬಂದಿತು. ಮಗಳ ಕೊರಳಿಗೆ ತಾಯಿಯವರು ಮಾಡಿಸಿಟ್ಟಿರುವ ತಾಳಿಯ ಚಿನ್ನದಲ್ಲಿಯೂ ಅಂಥದೊಂದು ಕೊನೆಗಾಲದ ಪಾಲು ಇದ್ದೀತು. ಸಾಯುವ ತಾರೆಯನ್ನು ಮನೆಯಿಂದ ಹೊರಗಿಡಬೇಕೆಂದರೆ ಮೊದಲು ಆ ಚಿನ್ನವನ್ನು ಹೊರಗಿಡಬೇಕಾದೀತು.

ಆ ರಾತ್ರಿ ನಾವು ಆಲೆಮನೆಯನ್ನು ಬಿಟ್ಟಾಗ ಪಾಕವು ಹದಕ್ಕೆ ಬಂದು, ಒಲೆಯ ಉರಿಯನ್ನು ಎಳೆದಿದ್ದರು. ಮಕ್ಕಳು ಬಿಸಿ ಬೆಲ್ಲಕ್ಕಾಗಿ ಎಲೆ ಹಿಡಿದು ನಿಂತಿದ್ದರು. ಆರ್ದ್ರೆಯು ನೆತ್ತಿಯನ್ನು ದಾಟಿ, ಯಾರ ಮೇಲೂ ಕೋಪವಿಲ್ಲದೆ, ಪಡುವಣಕ್ಕೆ ತಿರುಗಿದ್ದಿತು.

ಸೋದರಿಯವರು ಈ ಸಂಚಿಕೆಯನ್ನು ಮದ್ದೂರಿನ ಆ ಮನೆಗೆ ಕಳುಹಿಸಿಕೊಡಬಹುದು. ಅಜ್ಜನವರು ಓದಿ, ಮನಸ್ಸಿಗೆ ಬಾರದ ಮಾತೇನಾದರೂ ಇದ್ದರೆ ನಮಗೇ ಬರೆಯಲಿ, ಉತ್ತರ ಕೊಡುವೆವು. ಅದಕ್ಕೂ ಮುಂಚೆ ತಾಯಿಯವರು ಮಗಳನ್ನು ಕೈಹಿಡಿದು ಅಂಗಳಕ್ಕೆ ಕರೆತರಲಿ. ಮಾಘ ಫಾಲ್ಗುಣಗಳಲ್ಲಿ ರಾತ್ರಿಯ ಊಟದ ಹೊತ್ತಿಗೆ ಆರ್ದ್ರೆಯೂ ರೋಹಿಣಿಯೂ ಚೆನ್ನಾಗಿ ಕಾಣುವುವು. ಅವೆರಡರ ನಡುವೆ, ಕಣ್ಣಿಗೆ ಕಾಣದ ಏಡಿ ನೀಹಾರಿಕೆಯ ಎಡೆಯನ್ನು ಬೆರಳಿನಿಂದ ತೋರಿಸಲಿ. ಇದೇ ಅಂಗಳಗಳಿಂದ ನಮ್ಮ ಹಿರಿಯರು ನೋಡಿದ ಆಕಾಶವಿದು.

ಮುಂದಿನ ಸಂಚಿಕೆಯಲ್ಲಿ ಮಳೆ ನಕ್ಷತ್ರಗಳ ವಿಚಾರವನ್ನು ಬರೆಯುವೆವು.